ಮನೆಮಂದಿಗೆಲ್ಲ ಎಕೋನಾ, ಒಬ್ಬರಿಗೆ ಜೀನ್ ಟೆಸ್ಟಾ? ಹೃದಯದ ಗೋಡೆ ದಪ್ಪವಾಗುವ ಕಾಯಿಲೆ ಬಂದ ಕುಟುಂಬಗಳಿಗೆ

ಡಾಕ್ಟರು ನನ್ನ ಎಕೋ (ಹೃದಯದ ಸ್ಕ್ಯಾನ್) ನೋಡಿ ಮಾತ್ರೆ ಬರೆದರು. ಚೀಟಿ ಕೈಗೆ ಕೊಡುವ ಮುಂಚೆ ಕೆಳಗಡೆ ಇನ್ನೊಂದು ಸಾಲು ಸೇರಿಸಿದರು: "ತಂದೆತಾಯಿ, ಒಡಹುಟ್ಟಿದವರು, ಮಕ್ಕಳು ಎಲ್ಲರ ತಪಾಸಣೆ." ಮಾತ್ರೆ ಅವತ್ತೇ ಸಿಕ್ಕಿತು. ಆ ಕೊನೆಯ ಸಾಲು ನಡೆಸಿಕೊಡಲು ನಮಗೆ ಎರಡು ವರ್ಷ ಹಿಡಿಯಿತು. ಯಾರು ಮೊದಲು, ಯಾವ ಪರೀಕ್ಷೆ, ತುಮಕೂರಲ್ಲೇ ಸಾಕಾ ಬೆಂಗಳೂರಿಗೇ ಹೋಗಬೇಕಾ, ಸಂಬಂಧ ಕೇಳಿಕೊಂಡು ಬಂದವರಿಗೆ ಹೇಳಬೇಕಾ ಬೇಡವಾ? ಪ್ರತಿ ಹೆಜ್ಜೆಗೂ ಎರಡು ದಾರಿ ಎದುರಾದವು. ಗುಬ್ಬಿ ತಾಲ್ಲೂಕಿನ ಒಂದು ತೆಂಗಿನ ತೋಟದ ಮನೆಯವರಾದ ನಾವು ಯಾವ ದಾರಿ ಹಿಡಿದೆವು, ಈಗ ಯಾವುದನ್ನು ಹಿಡಿಯುತ್ತಿದ್ದೆವು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ನಮ್ಮಣ್ಣ 36ನೇ ವಯಸ್ಸಿನಲ್ಲಿ ಮೋಟರ್ ಆನ್ ಮಾಡಲು ತೋಟಕ್ಕೆ ಹೋದವನು ಪಂಪ್‌ಹೌಸ್ ಬಾಗಿಲಲ್ಲೇ ಬಿದ್ದಿದ್ದ. ಅದಕ್ಕೆ ಒಂದು ವರ್ಷ ಮುಂಚೆ ಎದೆನೋವು ಅಂತ ಒಂದು ಆಸ್ಪತ್ರೆಗೆ ಹೋಗಿದ್ದ. ಆಂಜಿಯೋಗ್ರಾಮ್ ಮಾಡಿ "ಬ್ಲಾಕ್ ಇಲ್ಲ" ಅಂದರು. ಅದನ್ನು ಕೇಳಿ ಇಡೀ ಮನೆ ಹಬ್ಬ ಮಾಡಿತು. ಅವನು ಹೋದ ಮೇಲೆ ಫೈಲ್ ತೆಗೆದು ನೋಡಿದರೆ ಅದರಲ್ಲಿ ಎಕೋ ರಿಪೋರ್ಟೂ ಇತ್ತು. ಹೃದಯದ ನಡುಗೋಡೆ 21 ಮಿಲಿಮೀಟರ್ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಅವರು ಹೇಳಲಿಲ್ಲ, ನಮಗೆ ಕೇಳಲು ಗೊತ್ತಿರಲಿಲ್ಲ. ಆಂಜಿಯೋಗ್ರಾಮ್ ತೋರಿಸುವುದು ರಕ್ತನಾಳವನ್ನು, ಎಕೋ ತೋರಿಸುವುದು ಸ್ನಾಯುವನ್ನು. ಬ್ಲಾಕ್ ಇಲ್ಲದ ಹೃದಯಕ್ಕೂ ಕಾಯಿಲೆ ಇರಬಹುದು ಎಂಬುದು ನಮ್ಮ ಕಡೆ ಇನ್ನೂ ಎಷ್ಟೋ ಜನರ ತಲೆಗೆ ಹೋಗಿಲ್ಲ.

ಕಾಯಿಲೆಯ ಹೆಸರು ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ. ಡಾಕ್ಟರುಗಳು ಎಚ್‌ಸಿಎಂ ಅನ್ನುತ್ತಾರೆ. ಬಿಪಿಯಂಥ ಬೇರೆ ಕಾರಣವಿಲ್ಲದೆ ಎಡ ಕೆಳಕೋಣೆಯ ಗೋಡೆ ದಪ್ಪವಾಗುತ್ತದೆ. ದೊಡ್ಡವರಲ್ಲಿ 15 ಮಿಲಿಮೀಟರ್ ಮುಟ್ಟಿದರೆ ಇದು ಎನ್ನುತ್ತಾರೆ. ಮನೆಯಲ್ಲಿ ಒಬ್ಬರಿಗೆ ಖಚಿತವಾಗಿದ್ದರೆ ಉಳಿದವರಿಗೆ 13 ಇದ್ದರೂ ಅನುಮಾನಿಸುತ್ತಾರೆ. ಸುಮಾರು 500 ಜನರಲ್ಲಿ ಒಬ್ಬರಿಗೆ ಇರುವ ಕಾಯಿಲೆ ಇದು, ಅಂದರೆ ಅಪರೂಪದ್ದೇನಲ್ಲ. ಹೆಚ್ಚಿನವರು ಪೂರ್ಣಾಯುಷ್ಯ ಬಾಳುತ್ತಾರೆ. ನಮ್ಮಣ್ಣನ ಕಥೆ ಓದಿ ಯಾರೂ ಹೆದರಿ ಕೂರಬಾರದು ಎಂದೇ ಈ ಮಾತನ್ನು ಮೊದಲು ಹೇಳುತ್ತಿದ್ದೇನೆ.

ವಂಶದ ಲೆಕ್ಕ ಮೊದಲು

ಯಾವ ಪರೀಕ್ಷೆಗೂ ಮುಂಚೆ ದುಡ್ಡಿಲ್ಲದೆ ಆಗುವ ಕೆಲಸವೊಂದಿದೆ. ಒಂದು ದೊಡ್ಡ ಹಾಳೆಯಲ್ಲಿ ಮೂರು ತಲೆಮಾರಿನ ಎಲ್ಲರ ಹೆಸರು ಬರೆಯಿರಿ. ಐವತ್ತರೊಳಗೆ ದಿಢೀರನೆ ಹೋದವರು ಯಾರು, ಓಡುವಾಗ ಅಥವಾ ಭಾರ ಹೊರುವಾಗ ಕಣ್ಣು ಕತ್ತಲೆ ಬಂದು ಬಿದ್ದವರು ಯಾರು, ಈಜು ಬರುತ್ತಿದ್ದರೂ ನೀರಲ್ಲಿ ಹೋದವರು ಯಾರು ಎಂದು ಹಿರಿಯರನ್ನು ಕೇಳಿ. ನಮ್ಮ ತಾತ 42ಕ್ಕೆ ಬಾವಿ ಕಟ್ಟೆಯ ಮೇಲೆ ಹೋಗಿದ್ದರು. "ಗಾಳಿ ಹೊಡೀತು" ಎಂದಷ್ಟೇ ಮನೆಯಲ್ಲಿ ಹೇಳುತ್ತಿದ್ದರು. ಹಾಳೆಯಲ್ಲಿ ತಾತ, ಅಪ್ಪ, ಅಣ್ಣ, ನಾನು ಒಂದೇ ಸಾಲಿನಲ್ಲಿ ಕೂತ ಮೇಲೆ ಆ ಗಾಳಿ ಯಾವುದೆಂದು ಅರ್ಥವಾಯಿತು.

ಹಿಂದೆ ಹೆಳವರು ಎತ್ತಿನ ಮೇಲೆ ಬಂದು ವಂಶಾವಳಿ ಹಾಡಿ ಹೇಳುತ್ತಿದ್ದರಲ್ಲ, ಅದರಲ್ಲಿ ಗಂಡುಮಕ್ಕಳ ಸಾಲೇ ಮುಖ್ಯ. ಈ ಕಾಯಿಲೆಗೆ ಆ ಲೆಕ್ಕ ಸಾಲದು. ಕೊಟ್ಟ ಹೆಣ್ಣುಮಕ್ಕಳು, ಅವರ ಮಕ್ಕಳು ಎಲ್ಲರೂ ಹಾಳೆಯಲ್ಲಿ ಬರಬೇಕು. ತಂದೆ ತಾಯಿಯಲ್ಲಿ ಒಬ್ಬರಿಗೆ ಆ ಜೀನಿನ ಬದಲಾವಣೆ ಇದ್ದರೆ ಪ್ರತಿ ಮಗುವಿಗೂ, ಗಂಡಾಗಲಿ ಹೆಣ್ಣಾಗಲಿ, ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ಮೊದಲನೆಯ ಮಗುವಿಗೆ ಬಂತು, ಇನ್ನು ಎರಡನೆಯದು ಪಾರು ಎಂಬ ಲೆಕ್ಕವಿಲ್ಲ. ಬಂದವರೆಲ್ಲರಲ್ಲೂ ಗೋಡೆ ದಪ್ಪವಾಗಲೇಬೇಕು ಅಂತಲೂ ಇಲ್ಲ. ನಮ್ಮಪ್ಪನಿಗೆ ಎಪ್ಪತ್ತು ದಾಟಿದೆ, 14 ಮಿಲಿಮೀಟರ್ ಇದೆ, ಇವತ್ತಿಗೂ ತೋಟದ ಬದು ಸುತ್ತಿ ಬರುತ್ತಾರೆ. ಅದಕ್ಕೇ "ನಿಮ್ಮಪ್ಪಂಗೇ ಏನೂ ಆಗಿಲ್ಲ, ನಿಂಗೆಲ್ಲಿಂದ ಬರುತ್ತೆ" ಎಂಬ ಮಾತನ್ನು ನಂಬಬೇಡಿ.

ಎಕೋ, ಜೀನ್ ಟೆಸ್ಟ್: ಯಾವುದು ಯಾರಿಗೆ

ಹೆಚ್ಚಿನವರು ಎಡವುವುದು ಇಲ್ಲೇ. ನಾವೂ ಎಡವಿದೆವು. "ಜೀನ್ ಟೆಸ್ಟ್ ಮಾಡಿಸಿದರೆ ಎಲ್ಲ ಗೊತ್ತಾಗುತ್ತೆ" ಎಂದು ಯಾರೋ ಹೇಳಿದ್ದಕ್ಕೆ ಮೊದಲು ನನ್ನ ಮಗಳ ರಕ್ತ ಕೊಡಲು ಹೊರಟಿದ್ದೆವು. ಅದು ತಪ್ಪು ಕ್ರಮ.

ಎಕೋ ಇವತ್ತಿನ ಸ್ಥಿತಿ ಹೇಳುತ್ತದೆ. ಗೋಡೆ ಎಷ್ಟು ದಪ್ಪ, ರಕ್ತ ಹೊರಹೋಗುವ ದಾರಿಯಲ್ಲಿ ಅಡ್ಡಿಯಿದೆಯೇ ಎಂಬುದು ಅದರಲ್ಲಿ ಕಾಣುತ್ತದೆ. ನೋವಿಲ್ಲ, ಅರ್ಧ ಗಂಟೆಯ ಕೆಲಸ, ತುಮಕೂರಿನಲ್ಲೇ ಆಗುತ್ತದೆ. ಅದರ ದೊಡ್ಡ ಕೊರತೆ ಇದು: ಇವತ್ತು ಚೆನ್ನಾಗಿದೆ ಅಂದರೆ ನಾಳೆಯೂ ಚೆನ್ನಾಗಿರುತ್ತದೆ ಅಂತಲ್ಲ. ಗೋಡೆ ಹದಿಹರೆಯದಲ್ಲೂ ದಪ್ಪವಾಗಬಹುದು, ನಲವತ್ತಾದ ಮೇಲೂ ಆಗಬಹುದು. ಹಾಗಾಗಿ ಪದೇ ಪದೇ ಮಾಡಿಸಬೇಕು. ಮಕ್ಕಳಿಗೂ ಹದಿಹರೆಯದವರಿಗೂ ಒಂದೆರಡು ವರ್ಷಕ್ಕೊಮ್ಮೆ, ಹೆಚ್ಚೆಂದರೆ ಮೂರು. ದೊಡ್ಡವರಿಗೆ ಮೂರರಿಂದ ಐದು ವರ್ಷಕ್ಕೊಮ್ಮೆ. ಜೊತೆಗೆ ಇಸಿಜಿ ಇರಲೇಬೇಕು, ಏಕೆಂದರೆ ಎಷ್ಟೋ ಸಲ ಗೋಡೆ ದಪ್ಪವಾಗುವ ಮುಂಚೆಯೇ ಇಸಿಜಿಯಲ್ಲಿ ಏರುಪೇರು ಕಾಣುತ್ತದೆ. ಬರೀ ಇಸಿಜಿ ಸಾಲದು, ಬರೀ ಟಿಎಂಟಿಯಂತೂ (ಓಡುವ ಬೆಲ್ಟಿನ ಮೇಲೆ ನಡೆಸಿ ತೆಗೆಯುವ ಇಸಿಜಿ) ಸಾಲದೇ ಸಾಲದು.

ಜೀನ್ ಟೆಸ್ಟ್ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತದೆ: ಈ ಮನೆಯಲ್ಲಿ ಯಾರನ್ನು ಜೀವನಪರ್ಯಂತ ನೋಡಿಕೊಳ್ಳಬೇಕು, ಯಾರನ್ನು ಬಿಟ್ಟುಬಿಡಬಹುದು? ಆದರೆ ಆ ಉತ್ತರ ಸಿಗಬೇಕಾದರೆ ಮೊದಲು ಕಾಯಿಲೆ ಖಚಿತವಾದ ಒಬ್ಬರ ರಕ್ತ ಹೋಗಬೇಕು. ನಮ್ಮ ಮನೆಯಲ್ಲಿ ಆ ಒಬ್ಬಳು ನಾನು. ನನ್ನಲ್ಲಿ ಎಂವೈಬಿಪಿಸಿ3 ಎಂಬ ಜೀನಿನಲ್ಲಿ ದೋಷ ಸಿಕ್ಕಿತು. ಪತ್ತೆಯಾಗುವ ದೋಷಗಳಲ್ಲಿ ಹೆಚ್ಚಿನವು ಇದರಲ್ಲಿ ಅಥವಾ ಎಂವೈಎಚ್7 ಎಂಬುದರಲ್ಲಿ ಇರುತ್ತವೆ. ಅದು ಸಿಕ್ಕ ಮೇಲೆ ಉಳಿದವರಲ್ಲಿ ಅದೊಂದನ್ನೇ ಹುಡುಕಿದರೆ ಸಾಕು, ಆ ಟೆಸ್ಟಿನ ಖರ್ಚು ಹಲವು ಜೀನ್ ಒಟ್ಟಿಗೆ ನೋಡುವ ಪೂರ್ತಿ ಪ್ಯಾನೆಲ್‌ಗಿಂತ ಬಹಳ ಕಡಿಮೆ.

ನನ್ನ ಮಗನಲ್ಲಿ ಅದು ಇಲ್ಲ. ಅವನಿಗೆ ಇನ್ನು ಈ ಕಾರಣಕ್ಕೆ ಎಕೋ ಬೇಡ, ಮುಂದೆ ಅವನ ಮಕ್ಕಳಿಗೂ ಬೇಡ. ಮಗಳಲ್ಲಿ ಇದೆ. ಆದರೆ ಅವಳ ಎಕೋ, ಇಸಿಜಿ ಎರಡೂ ಚೆನ್ನಾಗಿವೆ. ಅವಳಿಗೆ ಕಾಯಿಲೆ ಇದೆ ಎಂದು ಅರ್ಥವಲ್ಲ, ಬರಬಹುದು, ಬರದೆಯೂ ಇರಬಹುದು. ಅವಳಿಗೆ ಮಾತ್ರೆ ಇಲ್ಲ, ಆಟಕ್ಕೆ ಅಡ್ಡಿ ಇಲ್ಲ, ವರ್ಷಕ್ಕೊಂದು ತಪಾಸಣೆ ಇದೆ. ಹದಿಮೂರರ ಹುಡುಗಿಗೆ ಇದನ್ನು ಹೇಗೆ ಹೇಳುವುದೆಂದು ನಾನು ಒಂದು ತಿಂಗಳು ನಿದ್ದೆ ಬಿಟ್ಟಿದ್ದೆ. ಅವಳು ಕೇಳಿಸಿಕೊಂಡು "ಸರಿ, ಯಾವಾಗ ಹೋಗ್ಬೇಕು" ಅಂದಳು.

ಈಗ ಇನ್ನೊಂದು ಮಗ್ಗುಲು. ಮೊದಲನೆಯವರ ರಕ್ತದಲ್ಲೇ ಏನೂ ಸಿಗದೆ ಇರುವುದು ತೀರ ಸಾಮಾನ್ಯ. ಆಗ ಜೀನಿನ ದಾರಿ ಅಲ್ಲಿಗೇ ಮುಗಿಯಿತು, ಎಲ್ಲರೂ ಎಕೋ ದಾರಿಯಲ್ಲೇ ಇರಬೇಕು. "ಜೀನ್ ಟೆಸ್ಟ್ ನೆಗೆಟಿವ್, ಇದು ವಂಶದ್ದಲ್ಲ" ಎಂದು ಯಾರಾದರೂ ಅಂದರೆ ಒಪ್ಪಬೇಡಿ. ಮೂರನೆಯ ಬಗೆಯ ಫಲಿತಾಂಶವೂ ಇದೆ, "ಅರ್ಥ ಖಚಿತವಿಲ್ಲದ ಬದಲಾವಣೆ" ಎಂಬುದು. ಅದನ್ನಿಟ್ಟುಕೊಂಡು ಮಕ್ಕಳ ಬಗ್ಗೆ ಯಾವ ತೀರ್ಮಾನವೂ ಸಲ್ಲದು. ನಮ್ಮ ದೇಶಕ್ಕೇ ಸೇರಿದ ಒಂದು ವಿಷಯವೂ ಗೊತ್ತಿರಲಿ. ಎಂವೈಬಿಪಿಸಿ3 ಜೀನಿನಲ್ಲಿ ಡಿಎನ್ಎಯ 25 ಅಕ್ಷರ ಬಿಟ್ಟುಹೋಗಿರುವ ಒಂದು ಬದಲಾವಣೆ ದಕ್ಷಿಣ ಏಷ್ಯಾದವರಲ್ಲಿ ಸುಮಾರು ನೂರಕ್ಕೆ ನಾಲ್ಕು ಜನರಲ್ಲಿದೆ. ಹೈದರಾಬಾದಿನ ಸಿಸಿಎಂಬಿ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯವರೂ ಇದ್ದ ತಂಡ ಅದನ್ನು 2009ರಲ್ಲಿ ಪ್ರಕಟಿಸಿತು. ಅದು ಹೃದಯ ಸ್ನಾಯುವಿನ ಕಾಯಿಲೆಯ ಅಪಾಯ ಹೆಚ್ಚಿಸುತ್ತದೆ, ಆದರೆ ಇರುವವರಿಗೆಲ್ಲ ಕಾಯಿಲೆ ಬರುವುದಿಲ್ಲ. ರಿಪೋರ್ಟಿನಲ್ಲಿ ಅದೊಂದೇ ಕಂಡರೆ ಅದು ನಮ್ಮ ಮನೆಯಲ್ಲಿ ಸಿಕ್ಕಂಥ ದೋಷಕ್ಕೆ ಸಮ ಎಂದು ತಿಳಿಯಬೇಡಿ. ಜೀನ್ ರಿಪೋರ್ಟ್ ಬಿಡಿಸಿ ಹೇಳುವ ಜೆನೆಟಿಕ್ ಕೌನ್ಸೆಲರ್ ಹತ್ತಿರ ಕೂತು ಓದಿಸಿಕೊಳ್ಳಿ. ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನಂಥ ಕಡೆ ಆ ಕೆಲಸ ಬಲ್ಲವರಿದ್ದಾರೆ.

ನನ್ನ ತೀರ್ಮಾನ ಹೀಗೆ. ಎಲ್ಲರಿಗೂ ಒಂದು ಸುತ್ತು ಎಕೋ, ಇಸಿಜಿ ಈ ತಿಂಗಳೇ ಆಗಲಿ, ಅದು ಜೀನಿಗಾಗಿ ಕಾಯಬಾರದು. ದುಡ್ಡು ಹೊಂದಿಸಿಕೊಂಡು ಕಾಯಿಲೆಯಿರುವ ಒಬ್ಬರ ಜೀನ್ ಟೆಸ್ಟ್ ಆಮೇಲೆ. ಮಕ್ಕಳು ಮೊಮ್ಮಕ್ಕಳು ತುಂಬಿದ ಮನೆಯಾದರೆ ಆ ಖರ್ಚು ಖಂಡಿತ ಸಾರ್ಥಕ, ಅರ್ಧದಷ್ಟು ಜನ ಪಟ್ಟಿಯಿಂದಲೇ ಹೊರಗೆ ಬರಬಹುದು. ರಕ್ತಸಂಬಂಧಿಗಳು ಒಬ್ಬಿಬ್ಬರೇ ಇದ್ದರೆ ಬರೀ ಎಕೋದಲ್ಲಿ ಮುಂದುವರಿದರೂ ತಪ್ಪಿಲ್ಲ.

ತುಮಕೂರು ಸಾಕೇ, ಬೆಂಗಳೂರು ಬೇಕೇ

ಮೊದಲ ಎಕೋಗೆ ತುಮಕೂರು ಸಾಕು. ಆದರೆ ಚೀಟಿಯ ಮೇಲೆ "ಮನೆಯಲ್ಲಿ ಎಚ್‌ಸಿಎಂ ಇದೆ" ಎಂದು ಬರೆಸಿಕೊಂಡೇ ಹೋಗಿ. ನೋಡುವವರಿಗೆ ಏನು ಹುಡುಕಬೇಕೆಂದು ಗೊತ್ತಿದ್ದರೆ ನೋಟವೇ ಬೇರೆ. ರಿಪೋರ್ಟಿನಲ್ಲಿ "ನಾರ್ಮಲ್" ಎಂಬ ಒಂದು ಪದ ಇದ್ದರೆ ಸಾಲದು, ಗೋಡೆಯ ದಪ್ಪ ಮಿಲಿಮೀಟರಿನಲ್ಲಿ ಇರಲಿ. ಉಸಿರು ಬಿಗಿಹಿಡಿದು ತಿಣುಕಿದಾಗ ರಕ್ತದ ದಾರಿಯಲ್ಲಿ ಒತ್ತಡ ಎಷ್ಟು ಏರಿತು ಎಂಬುದನ್ನೂ ಕೇಳಿ. ಸುಮ್ಮನೆ ಮಲಗಿದ್ದಾಗ ಕಾಣದ ಅಡ್ಡಿ ಆಗ ಕಾಣಬಹುದು. ಬಿಪಿ ಇರುವ ಹಿರಿಯರಲ್ಲಿ 13 ಬಂದರೆ ಅದು ಬಿಪಿಯಿಂದಲೂ ಇರಬಹುದು. ಹೃದಯದ ತುದಿಯಲ್ಲಷ್ಟೇ ದಪ್ಪವಾಗುವ ಬಗೆ ಎಕೋ ಕಣ್ಣಿಗೆ ತಪ್ಪಬಹುದು. ಇಂಥ ಅನುಮಾನಗಳಿಗೆ ಹೃದಯದ ಎಂಆರ್‌ಐ ಬೇಕಾಗುತ್ತದೆ, ಅದಕ್ಕೆ ದೊಡ್ಡ ಆಸ್ಪತ್ರೆಯೇ ಸರಿ.

ಕಾಯಿಲೆ ಖಚಿತವಾದವರು ಮಾತ್ರ ವರ್ಷಕ್ಕೊಮ್ಮೆಯಾದರೂ ಇಂಥವರನ್ನು ಹೆಚ್ಚಾಗಿ ನೋಡುವ ಕಡೆ ಹೋಗಬೇಕು. ಜಯದೇವ ಹೃದ್ರೋಗ ಸಂಸ್ಥೆಗೆ ನಮ್ಮ ಕಡೆಯಿಂದ ಈಗ ದಾರಿ ಸುಲಭ: ತುಮಕೂರು ರಸ್ತೆಯ ಮಾದಾವರದಲ್ಲಿ ಬಸ್ ಇಳಿದು ಹಸಿರು ಮೆಟ್ರೋ ಹಿಡಿದರೆ ಆರ್‌ವಿ ರೋಡ್, ಅಲ್ಲಿ ಹಳದಿ ಮಾರ್ಗಕ್ಕೆ ಬದಲಿಸಿದರೆ ಆಸ್ಪತ್ರೆಯ ಹೆಸರಿನದೇ ನಿಲ್ದಾಣ. ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ದುಡ್ಡು ತೆಗೆದುಕೊಳ್ಳುವುದಿಲ್ಲ, ಅದಕ್ಕೆ ನೇರಳೆ ಮಾರ್ಗ. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ತುರ್ತು ಅಲ್ಲದ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಕೇಳುತ್ತಾರೆ, ಅದನ್ನು ಮುಂಚೆಯೇ ಮಾಡಿಸಿಕೊಳ್ಳಿ.

ಮಾತ್ರೆ, ಆಪರೇಷನ್, ಮೆಷಿನ್

ಇದನ್ನು ಚುಟುಕಾಗಿ ಹೇಳುತ್ತೇನೆ, ಏಕೆಂದರೆ ಇದು ನಿಮ್ಮ ಡಾಕ್ಟರು ಎದುರು ಕೂತು ಮಾಡಬೇಕಾದ ಆಯ್ಕೆ. ತೊಂದರೆ ಇರುವವರಿಗೆ ಮೊದಲು ಬೀಟಾ ಬ್ಲಾಕರ್ ಅಥವಾ ವೆರಾಪಮಿಲ್ ಜಾತಿಯ ಮಾತ್ರೆ. ನನಗೆ ಅದರಲ್ಲೇ ಮೆಟ್ಟಿಲು ಹತ್ತುವ ದಮ್ಮು ಇಳಿಯಿತು. ಅಡ್ಡಿಯಿಂದಾಗಿ ರಕ್ತದ ದಾರಿಯಲ್ಲಿ ಏರುವ ಒತ್ತಡ (ಎಕೋ ರಿಪೋರ್ಟಿನ ಗ್ರೇಡಿಯಂಟ್, ಎಂಎಂ ಎಚ್‌ಜಿಯಲ್ಲಿ) 50 ಮುಟ್ಟಿದ್ದು ಮಾತ್ರೆಗೂ ಏದುಸಿರು ಬಗ್ಗದಿದ್ದರೆ ಎರಡು ದಾರಿ. ಒಂದು, ಎದೆ ತೆರೆದು ದಪ್ಪ ಗೋಡೆಯನ್ನು ಕೆತ್ತಿ ತೆಗೆಯುವ ಮಯೆಕ್ಟಮಿ. ಇನ್ನೊಂದು, ತೊಡೆಯಿಂದ ತಂತಿ ಬಿಟ್ಟು ಆ ಭಾಗದ ಸಣ್ಣ ರಕ್ತನಾಳಕ್ಕೆ ಶುದ್ಧ ಆಲ್ಕೋಹಾಲ್ ಹಾಕಿ ಗೋಡೆಯನ್ನು ತೆಳುವಾಗಿಸುವುದು. ವಯಸ್ಸು ಚಿಕ್ಕದಾಗಿ ಗೋಡೆ ತುಂಬ ದಪ್ಪವಿದ್ದರೆ, ಕವಾಟದ ತೊಂದರೆಯೂ ಇದ್ದರೆ ಆಪರೇಷನ್ನೇ ಮೇಲು. ವಯಸ್ಸಾಗಿ ಎದೆ ತೆರೆಯುವುದು ಅಪಾಯ ಎನಿಸಿದವರಿಗೆ ಎರಡನೆಯದು, ಆದರೆ ಅದರಲ್ಲಿ ಪೇಸ್‌ಮೇಕರ್ ಬೇಕಾಗುವ ಸಾಧ್ಯತೆ ಹೆಚ್ಚು. ಯಾವುದೇ ಆಗಲಿ, "ಇಲ್ಲಿ ವರ್ಷಕ್ಕೆ ಎಷ್ಟು ಮಾಡ್ತೀರಿ ಸಾರ್" ಎಂದು ಕೇಳಲು ನಾಚಿಕೊಳ್ಳಬೇಡಿ. ಮಾವಕ್ಯಾಮ್ಟೆನ್ ಎಂಬ ಮಾತ್ರೆಗೆ 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ಅದು ಹೃದಯದ ಹಿಡಿತವನ್ನೇ ಸಡಿಲಿಸುವುದರಿಂದ ಪದೇ ಪದೇ ಎಕೋ ಬೇಕು, ಬಸಿರಿಯರಿಗೆ ಕೂಡದು.

ಎದೆಯಲ್ಲಿಡುವ ಶಾಕ್ ಮೆಷಿನ್, ಎಐಸಿಡಿ, ಬೇರೆಯೇ ಪ್ರಶ್ನೆ. ಅದು ಏದುಸಿರು ಕಡಿಮೆ ಮಾಡುವುದಿಲ್ಲ, ದಿಢೀರ್ ಸಾವು ತಡೆಯುತ್ತದೆ. ಮನೆಯಲ್ಲಿ ಹಾಗೆ ಹೋದವರಿದ್ದರೆ, ಕಾರಣ ತಿಳಿಯದೆ ಪ್ರಜ್ಞೆ ತಪ್ಪಿದ್ದರೆ, ಗೋಡೆ 30 ಮಿಲಿಮೀಟರ್ ಮುಟ್ಟಿದ್ದರೆ, ದಿನವಿಡೀ ಬಡಿತ ದಾಖಲಿಸುವ ಹೋಲ್ಟರ್‌ನಲ್ಲಿ ಅಪಾಯದ ಬಡಿತ ಕಂಡಿದ್ದರೆ, ಎಂಆರ್‌ಐಯಲ್ಲಿ ಗಾಯದ ಕಲೆ ಹರಡಿದ್ದರೆ ಆ ಮಾತು ಬರುತ್ತದೆ. ಅಣ್ಣ ಹೋದ ರೀತಿಯಿಂದಾಗಿ ನನಗೂ ಬಂತು. ನಾನು ಹಾಕಿಸಿಕೊಂಡೆ. ಬ್ಯಾಟರಿ ಮುಗಿದಾಗ ಬದಲಿಸಬೇಕು, ಸುಮ್ಮಸುಮ್ಮನೆ ಶಾಕ್ ಹೊಡೆಯುವ ಭಯವೂ ಇದೆ. ಇದೆಲ್ಲ ತಿಳಿದೇ ಹಾಕಿಸಿಕೊಂಡೆ.

ಒಂದು ಎಚ್ಚರಿಕೆ ಮಾತ್ರ ದೊಡ್ಡಕ್ಷರದಲ್ಲಿ ಬರೆದಿಟ್ಟುಕೊಳ್ಳಿ. 2021ರ ಅಕ್ಟೋಬರಿನಲ್ಲಿ ಪುನೀತ್ ರಾಜ್‌ಕುಮಾರ್ ಹೋದ ಮೇಲೆ ನಮ್ಮೂರ ಕಡೆ ಎಷ್ಟೋ ಜನ ಜೇಬಲ್ಲಿ ಸಾರ್ಬಿಟ್ರೇಟ್ ಎಂಬ ಎದೆನೋವಿನ ಮಾತ್ರೆ ಇಟ್ಟುಕೊಂಡು ಓಡಾಡುತ್ತಾರೆ, ಎದೆ ಹಿಡಿದವರ ನಾಲಿಗೆ ಕೆಳಗೆ ಇಡುತ್ತಾರೆ. ಅಡ್ಡಿಯಿರುವ ಎಚ್‌ಸಿಎಂನವರಿಗೆ ಅದು ರಕ್ತದೊತ್ತಡ ಇಳಿಸಿ ಕೇಡು ಮಾಡುತ್ತದೆ. ವಾಂತಿಭೇದಿಯಾಗಿ ನೀರು ಕಳೆದುಕೊಳ್ಳುವುದೂ ಅಷ್ಟೇ ಅಪಾಯ. ಬೇಸಿಗೆಯಲ್ಲಿ ಮಜ್ಜಿಗೆ, ಎಳನೀರು ಬಿಡಬೇಡಿ. ಎದೆಬಡಿತ ತಾಳ ತಪ್ಪಿ ಡಾಕ್ಟರು ಅದನ್ನು ಏಟ್ರಿಯಲ್ ಫಿಬ್ರಿಲೇಷನ್ ಎಂದು ಹೇಳಿದ್ದರೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆ ತಪ್ಪಿಸಬಾರದು, ಪಾರ್ಶ್ವವಾಯು ತಡೆಯುವುದು ಅದೇ. ನಡಿಗೆ, ತೋಟದ ಹಗುರ ಕೆಲಸ ಒಳ್ಳೆಯದೇ. ಓಟದ ಸ್ಪರ್ಧೆ, ಪೊಲೀಸ್ ಭರ್ತಿಯ ಓಟದ ತಯಾರಿ ಡಾಕ್ಟರನ್ನು ಕೇಳದೆ ಬೇಡ. ತಲೆಸುತ್ತು ಬರುವವರು ತೆಂಗಿನ ಮರ ಹತ್ತುವುದು ಇವತ್ತೇ ನಿಲ್ಲಿಸಬೇಕು.

ಸಂಬಂಧ: ಒಳಗಾ, ಹೊರಗಾ

ನಮ್ಮ ಕಡೆ ಸೋದರಮಾವನಿಗೆ, ಅತ್ತೆ ಮಗನಿಗೆ ಹೆಣ್ಣು ಕೊಡುವುದು ಇನ್ನೂ ಇದೆ. ಕಾಯಿಲೆ ಗೊತ್ತಾದಾಗ ಅತ್ತೆಯೊಬ್ಬರು "ಹೊರಗಡೆ ಮದುವೆಯಾದ್ರೆ ಬರಲ್ಲ ಅಲ್ವಾ" ಎಂದು ಕೇಳಿದರು. ಹಾಗಲ್ಲ. ಒಬ್ಬರಿಂದ ಬಂದರೂ ಸಾಕಾಗುವ ಕಾಯಿಲೆ ಇದು, ಹೊರಗೆ ಮದುವೆಯಾದರೂ ಮಕ್ಕಳಿಗೆ ಅರ್ಧಕ್ಕರ್ಧ ಸಾಧ್ಯತೆ ಹಾಗೇ ಇರುತ್ತದೆ. ಒಳಗೇ ಆದರೆ ಅಪಾಯ ಇನ್ನೊಂದು: ಗಂಡ ಹೆಂಡತಿ ಇಬ್ಬರಲ್ಲೂ ಅದೇ ದೋಷ ಇದ್ದರೆ ಮಗುವಿಗೆ ಎರಡೂ ಕಡೆಯಿಂದ ಬಂದು ಎಳೆಗೂಸಿನಲ್ಲೇ ತೀವ್ರ ಕಾಯಿಲೆ ಕಾಣಿಸಿಕೊಳ್ಳಬಹುದು. ಆದ್ದರಿಂದ ಈ ಕಾಯಿಲೆಯ ಮನೆಯಲ್ಲಿ ಒಳಸಂಬಂಧ ಬೇಡವೆಂದೇ ನಾನು ಹೇಳುತ್ತೇನೆ. ಮಾಡಲೇಬೇಕೆಂದರೆ ಇಬ್ಬರ ಪರೀಕ್ಷೆ ಮೊದಲು, ಲಗ್ನಪತ್ರಿಕೆ ಆಮೇಲೆ. ಬಸಿರು, ಹೆರಿಗೆ ಹೆಚ್ಚಿನವರಿಗೆ ಸುಸೂತ್ರ, ಆದರೆ ಹೃದಯದ ಡಾಕ್ಟರೂ ಹೆರಿಗೆ ಡಾಕ್ಟರೂ ಮೊದಲೇ ಮಾತಾಡಿಕೊಂಡಿರಬೇಕು. ಮನೆಯ ದೋಷ ಯಾವುದೆಂದು ಗೊತ್ತಿದ್ದರೆ ಐವಿಎಫ್‌ನಲ್ಲಿ ಭ್ರೂಣ ಪರೀಕ್ಷಿಸಿ ಆರಿಸುವ ದಾರಿಯೂ ಇದೆ. ಅದು ದುಬಾರಿ, ಮನಸ್ಸಿಗೂ ಭಾರ.

ಹೇಳುವುದಾ ಮುಚ್ಚಿಡುವುದಾ ಎಂಬಲ್ಲಿ ನನಗೆ ಎರಡು ಮಾತಿಲ್ಲ. ನನ್ನ ಚಿಕ್ಕಪ್ಪನ ಮಗಳಿಗೆ ಗಂಡು ಗೊತ್ತಾಗಿದ್ದಾಗ ಹೇಳಿದೆವು. ಆ ಸಂಬಂಧ ಮುರಿಯಿತು. ಆರು ತಿಂಗಳಿಗೆ ಬೇರೆ ಮನೆಯವರು ಅವಳ ಎಕೋ ರಿಪೋರ್ಟನ್ನೇ ಓದಿ ಒಪ್ಪಿದರು.

ವಿಮೆಯ ವಿಷಯದಲ್ಲೂ ಮುಚ್ಚಿಡಬೇಡಿ. ಇದೇ ಕಾಯಿಲೆಯವರೊಬ್ಬರ ಕ್ಲೇಮನ್ನು ವಂಶವಾಹಿ ಕಾಯಿಲೆ ಎಂಬ ನೆಪದಲ್ಲಿ ತಳ್ಳಿಹಾಕಿದ ಪ್ರಕರಣದಲ್ಲಿ 2018ರಲ್ಲಿ ದೆಹಲಿ ಹೈಕೋರ್ಟ್ ರೋಗಿಯ ಪರ ತೀರ್ಪು ಕೊಟ್ಟಿತು. 2019ರ ವಿಮಾ ನಿಯಂತ್ರಣ ಪ್ರಾಧಿಕಾರದ ಮಾರ್ಗಸೂಚಿಯ ಪ್ರಕಾರ ಆರೋಗ್ಯ ವಿಮೆಯಲ್ಲಿ ವಂಶವಾಹಿ ಕಾಯಿಲೆಗಳನ್ನು ಸಾರಾಸಗಟಾಗಿ ಹೊರಗಿಡುವಂತಿಲ್ಲ. ಆದರೆ ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಇದೆ, ಬರೆಯದೆ ಮುಚ್ಚಿಟ್ಟರೆ ಕ್ಲೇಮ್ ಹೋಗುತ್ತದೆ.

ಬಂಧುಗಳಿಗೆ ಹೇಗೆ ಹೇಳುವುದು

ಫೋನಿನಲ್ಲಿ ಹೇಳಿ ನೋಡಿದೆ, ವಾಟ್ಸಾಪಿನಲ್ಲಿ ಹಾಕಿ ನೋಡಿದೆ. ಫೋನಿನಲ್ಲಿ ಅಳು ಬಂತು, ವಾಟ್ಸಾಪಿನಲ್ಲಿ ಕೈಮುಗಿಯುವ ಚಿತ್ರಗಳು ಬಂದವು. ಎದುರಾಎದುರು ಹೇಳುವುದೇ ಮೇಲು, ಕೈಯಲ್ಲಿ ಡಾಕ್ಟರು ಬರೆದ ಒಂದು ಪುಟದ ಪತ್ರ ಇರಬೇಕು. ಆ ಪತ್ರದ ಜೆರಾಕ್ಸ್ ಹಿಡಿದು ಅವರು ತಮ್ಮೂರ ಡಾಕ್ಟರ ಹತ್ತಿರ ಹೋಗಬಹುದು. ಅಣ್ಣನ ವರ್ಷದ ತಿಥಿಗೆ ಎಲ್ಲರೂ ಸೇರಿದ್ದಾಗ ಹಂಚಿದೆ. ಚಿಕ್ಕಪ್ಪ ಎಲೆ ಬಿಟ್ಟು ಎದ್ದರು. "ವಂಶಕ್ಕೆ ಕಳಂಕ ಹಚ್ತಿದೀಯ" ಅಂದರು. ನಾನು ಮಾತು ಬೆಳೆಸಲಿಲ್ಲ, ಪತ್ರವನ್ನು ಚಿಕ್ಕಮ್ಮನ ಕೈಗೆ ಕೊಟ್ಟೆ.

ಅವರ ಮಗಳು ಆ ವರ್ಷವೇ ಎಕೋ ಮಾಡಿಸಿಕೊಂಡಳು, ಅವರು ಮಾತ್ರ ಪಟ್ಟು ಬಿಡಲಿಲ್ಲ. ಹೋದ ಯುಗಾದಿಯ ಮಾರನೆಯ ದಿನ ಅವರೇ ಫೋನ್ ಮಾಡಿದರು. ತುಮಕೂರಿಗೆ ಹೊರಟಿದ್ದೀನಿ, ಮೊಮ್ಮಗನಿಗೂ ಎಂಟು ವರ್ಷ, "ಹುಡುಗನ್ನೂ ಕರ್ಕೊಂಡು ಬರ್ಲೇನಮ್ಮಾ" ಅಂದರು.

"ಎಕೋಗೆ ಇಬ್ಬರೂ ಬನ್ನಿ ಚಿಕ್ಕಪ್ಪ. ರಕ್ತ ಮಾತ್ರ ಮೊದಲು ನಿಮ್ಮದು. ನಿಮ್ಮಲ್ಲಿ ಅದು ಇಲ್ಲ ಅಂತಾದ್ರೆ ನಿಮ್ಮ ಮಕ್ಕಳು, ಮೊಮ್ಮಗ ಯಾರೂ ಆ ಟೆಸ್ಟಿಗೆ ಬರೋದೇ ಬೇಡ," ಅಂದೆ.